ಯಂತ್ರದ ಪರಕಾಯಪ್ರವೇಶ

ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆ ವಾಚಕರಿಗೆ ತಿಳಿದುದೇ. ಮಂತ್ರಿಗಳಿಗೆ ಸಂಶಯ ಹುಟ್ಟಿದುದು ರಾಜನ ಮುಖವನ್ನು ಕಂಡಲ್ಲ, ನಡೆನುಡಿಯನ್ನು ಕಂಡು. ಇಂದಿನ ಕಂಪ್ಯೂಟರಿನೊಳಗೆ ನಲವತ್ತು ವರ್ಷಗಳ ಹಿಂದಿನ ಕಂಪ್ಯೂಟರೊಂದನ್ನು ಆವಾಹಿಸುವ ‘ಎಮ್ಯುಲೇಟರ್’ ಎಂಬ ತಂತ್ರಾಂಶವನ್ನೂ ಹೀಗೆಯೇ ಪರೀಕ್ಷಿಸಬೇಕು. ಮುಖವನ್ನು ಹೊಂದಿಸುವುದು ಸುಲಭ; ನಡೆಯನ್ನು ಹೊಂದಿಸುವುದೇ ಕಷ್ಟ.

ಅಮೆರಿಕದ ಕಮೊಡೋರ್ ಸಂಸ್ಥೆ 1982ರಲ್ಲಿ ಹೊರತಂದ ‘ಕಮೊಡೋರ್ 64’ ಮನೆಯ ಟೆಲಿವಿಷನ್ನಿಗೆ ಜೋಡಿಸುವ ಯಂತ್ರವಾಗಿತ್ತು. ಅದರ ಸ್ಮೃತಿ 64 ಕಿಲೋಬೈಟು. ಇಂದಿನ ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕೂ ಅದು ಸಾಲದು. ಒಂದು ಕೋಟಿಗೂ ಮಿಕ್ಕಿ ಮಾರಾಟವಾದ ಈ ಯಂತ್ರದ ಕಥೆ 1994ರಲ್ಲಿ ಸಂಸ್ಥೆ ದಿವಾಳಿಯಾದಾಗ ಮುಗಿಯಿತು. ಅದನ್ನು ಅನುಕರಿಸುವ ‘ವೈಸ್’ ಎಂಬ ಎಮ್ಯುಲೇಟರ್ ಈಗ ಉಚಿತವಾಗಿ ದೊರೆಯುತ್ತದೆ.

ಅದನ್ನು ತೆರೆದವರು ಮೊದಲು ನಿರ್ಧರಿಸಬೇಕಾದುದು ಯಂತ್ರದ ದೇಶವನ್ನು. ಯೂರೋಪಿನ ಯಂತ್ರ ‘ಪಾಲ್’ ಪದ್ಧತಿಯದು (ನಮ್ಮ ದೂರದರ್ಶನ ಅನುಸರಿಸಿದುದೂ ಇದನ್ನೇ). ಅದು ಸೆಕೆಂಡಿಗೆ ಸುಮಾರು 50 ಬಾರಿ ಪರದೆಯನ್ನು ಬರೆಯುತ್ತದೆ. ಅಮೆರಿಕದ ‘ಎನ್‌ಟಿಎಸ್‌ಸಿ’ ಯಂತ್ರ ಸುಮಾರು 60 ಬಾರಿ. ಅಂದಿನ ಆಟಗಳು ಈ ಬರವಣಿಗೆಯನ್ನೇ ತಾಳವಾಗಿ ಹಿಡಿದು ನಡೆಯುತ್ತಿದ್ದುವು. ಪಾಲ್ ಯಂತ್ರದಲ್ಲಿ ಒಂದು ಚಿತ್ರಕ್ಕೆ 19,656 ಮಿಡಿತಗಳ ಅವಕಾಶವಿದ್ದರೆ ಅಮೆರಿಕದ ಯಂತ್ರದಲ್ಲಿ 17,095 ಮಾತ್ರ. ಇಂಗ್ಲೆಂಡಿನ ಆಟವನ್ನು ಅಮೆರಿಕದ ಯಂತ್ರಕ್ಕೆ ಹಾಕಿದರೆ ಸಂಗೀತ ಓಡತೊಡಗುತ್ತದೆ. ಕೆಲಸ ಮುಗಿಯುವ ಮುನ್ನವೇ ಮುಂದಿನ ಚಿತ್ರದ ಸರದಿ ಬಂದು ಪರದೆ ನಡುಗುವುದೂ ಉಂಟು. ಆಟ ಕೆಟ್ಟಿದೆಯೆಂದು ದೂರುವವರಲ್ಲಿ ಅನೇಕರು ಈ ಒಂದು ಆಯ್ಕೆಯನ್ನು ನೋಡಿರುವುದಿಲ್ಲ.

ಎರಡನೆಯದು ಡಿಸ್ಕಿನ ಸಂಗತಿ. ಈ ಕಂಪ್ಯೂಟರಿನ ‘1541’ ಡ್ರೈವ್ ಬರಿಯ ಪೆಟ್ಟಿಗೆಯಲ್ಲ; ತನ್ನದೇ ಸಂಸ್ಕಾರಕವೂ ಎರಡು ಕಿಲೋಬೈಟು ಸ್ಮೃತಿಯೂ ಉಳ್ಳ ಇನ್ನೊಂದು ಕಂಪ್ಯೂಟರ್. ಆದರೂ ಅದರ ಮಂದಗತಿ ಕುಖ್ಯಾತವಾಗಿತ್ತು. ಆದುದರಿಂದ ಆಟದ ಕರ್ತೃಗಳು ಡ್ರೈವಿನೊಳಕ್ಕೇ ತಮ್ಮ ಆಜ್ಞೆಗಳನ್ನು ಕಳುಹಿಸಿ ಅದನ್ನು ಓಡಿಸುತ್ತಿದ್ದರು. ಕಳ್ಳಪ್ರತಿ ತಡೆಯುವ ಬೀಗಗಳನ್ನೂ ಅಲ್ಲಿಯೇ ಅಡಗಿಸುತ್ತಿದ್ದರು. ಎಮ್ಯುಲೇಟರಿನಲ್ಲಿ ಡ್ರೈವನ್ನು ಪೂರ್ಣವಾಗಿ ಅನುಕರಿಸುವ ಆಯ್ಕೆಯನ್ನು ಆರಿಸದಿದ್ದರೆ ಆ ಆಟಗಳು ಅರ್ಧದಲ್ಲೇ ನಿಂತುಬಿಡುತ್ತವೆ.

ಈ ಬೀಗಗಳಿಂದಲೇ ಒಂದು ದೊಡ್ಡ ತೊಡಕೂ ಹುಟ್ಟಿದೆ. ಡಿಸ್ಕಿನ ಪ್ರತಿಯನ್ನು ಇಡುವ ಸಾಮಾನ್ಯ ಕಡತ ‘ಡಿ64’. ಅದರಲ್ಲಿ 683 ಖಂಡಗಳ ಸಾರವಷ್ಟೇ ಉಳಿಯುತ್ತದೆ. ಬೀಗಗಳು ಅಡಗಿದ್ದುದು ಆ ಖಂಡಗಳನ್ನು ಕಾಂತಪಟಲದ ಮೇಲೆ ಬರೆದ ರೀತಿಯಲ್ಲಿ. ಅದನ್ನು ಹಿಡಿದಿಡಲು ‘ಜಿ64’ ಎಂಬ ಬೇರೆ ಕಡತವೇ ಬೇಕು. ಈಗ ಕೈಗೆ ಸಿಗುವ ಪ್ರತಿಗಳಲ್ಲಿ ಬಹಳಷ್ಟು ಅಂದಿನ ತರುಣರು ಬೀಗ ಮುರಿದು, ಆರಂಭದಲ್ಲಿ ತಮ್ಮ ಹೆಸರಿನ ಜಾಹೀರಾತನ್ನು ಸೇರಿಸಿ ಹಂಚಿದವು. ಓಲೆಗರಿಯ ಲಿಪಿಕಾರ ಕಾವ್ಯದ ನಡುವೆ ತನ್ನ ಪದ್ಯವನ್ನೂ ತುರುಕಿದಂತೆ! ಅವರು ಮುರಿಯದಿದ್ದರೆ ಎಷ್ಟೋ ಆಟಗಳು ಉಳಿಯುತ್ತಲೇ ಇರಲಿಲ್ಲವೆಂಬುದೂ ನಿಜ. ಆದರೆ ಮೂಲ ಡಿಸ್ಕುಗಳ ಕಾಂತಪಟಲ ವರ್ಷವರ್ಷವೂ ಸವೆಯುತ್ತಿದೆ. ಮೂಲಪಾಠವನ್ನು ಎತ್ತಿಡುವ ಕಾಲ ಮೀರುತ್ತಿದೆ. ಪಾಠಾಂತರವೊಂದೇ ಉಳಿದರೆ ಕರ್ತೃವಿನದು ಯಾವುದು, ಲಿಪಿಕಾರನದು ಯಾವುದು ಎಂದು ಹೇಳುವವರಾರು?

ಧ್ವನಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ರಾಬರ್ಟ್ ಯಾನೆಸ್ ರೂಪಿಸಿದ ‘ಸಿಡ್’ ಬಿಲ್ಲೆಗೆ 6581, 8580 ಎಂಬ ಎರಡು ಅವತಾರಗಳುಂಟು. ಮೊದಲಿನ ಬಿಲ್ಲೆಯ ಒಂದು ದೋಷವನ್ನೇ ಗುಣವಾಗಿ ಬಳಸಿ ಕೆಲವರು ಆಟದಲ್ಲಿ ಮಾತನ್ನೂ ಹೊರಡಿಸಿದರು. ಎರಡನೆಯದರಲ್ಲಿ ದೋಷ ತಿದ್ದಿದ್ದರಿಂದ ಆ ಮಾತು ಪಿಸುಗುಟ್ಟುತ್ತದೆ. ಹಳೆಯ ಆಟಗಳಿಗೆ 6581 ಲೇಸು.

ಜಾಯ್‌ಸ್ಟಿಕ್ಕನ್ನು ಎರಡನೆಯ ಕಿಂಡಿಗೆ ಜೋಡಿಸಿರಿ. ಬಹುಪಾಲು ಆಟಗಳು ಅಲ್ಲಿಯೇ ಅದನ್ನು ಹುಡುಕುತ್ತವೆ. ಮೊದಲನೆಯ ಕಿಂಡಿಗೂ ಕೀಲಿಮಣೆಗೂ ಒಂದೇ ತಂತಿಯ ಸಂಬಂಧವಾದುದರಿಂದ ಕೋಲನ್ನು ಅಲುಗಿಸಿದರೆ ಪರದೆಯ ಮೇಲೆ ಅಕ್ಷರಗಳು ಉದುರಿಯಾವು. ಆಟ ತುಂಬಿಕೊಳ್ಳುವಷ್ಟು ಹೊತ್ತು ಕಾಯಲಾರದವರಿಗೆ ಯಂತ್ರವನ್ನು ಹಲವು ಪಟ್ಟು ವೇಗದಲ್ಲಿ ಓಡಿಸುವ ಸೌಕರ್ಯವೂ ಇದೆ. ಆದರೆ ಆಟದ ಹೆಸರು ಮೂಡಿದ ಕೂಡಲೇ ಅದನ್ನು ಆರಿಸಬೇಕು. ಇಲ್ಲವಾದರೆ ನಿಮ್ಮ ಕೈ ಕೋಲನ್ನು ಮುಟ್ಟುವಷ್ಟರಲ್ಲಿ ಕಥಾನಾಯಕ ಮೂರು ಬಾರಿ ಸತ್ತಿರುತ್ತಾನೆ.