ಬರಿದಾದ ಗೂಡಿನ ವಿವೇಕ

ಆತ್ಮರಕ್ಷಣೆಗೆಂದು ಆಯುಧವನ್ನು ಧರಿಸುವವನು ಶತ್ರುವಿನ ವಿಷಯದಲ್ಲಿ ವಹಿಸುವಷ್ಟೇ ಎಚ್ಚರವನ್ನು ಆ ಆಯುಧದ ವಿಷಯದಲ್ಲಿಯೂ ವಹಿಸತಕ್ಕದ್ದು. ಇದಕ್ಕೆ ಒಂದು ನಿದರ್ಶನವುಂಟು. 1876ನೆಯ ಜನವರಿಯಲ್ಲಿ ಅಮೆರಿಕದ ವಿಚಿಟಾ ಪಟ್ಟಣದ ಪೋಲೀಸಿನವನಾದ ವಯಟ್ ಅರ್ಪ್ ಎಂಬಾತನು ಪಾನಗೃಹವೊಂದರಲ್ಲಿ ಕುಳಿತಿದ್ದನು. ಅವನ ರಿವಾಲ್ವರು ಒರೆಯಿಂದ ಜಾರಿ ಬಿದ್ದು ತಾನಾಗಿಯೇ ಸಿಡಿಯಿತು. ಗುಂಡು ಅವನ ಕೋಟನ್ನು ತೂರಿಹೋಯಿತು. ಪುಣ್ಯವಶದಿಂದ ಯಾರಿಗೂ ಗಾಯವಾಗಲಿಲ್ಲ.

ಬೆರಳು ಸೋಂಕದೆ ಗುಂಡು ಹಾರುವುದೆಂತು? ಆ ಕಾಲದ ರಿವಾಲ್ವರುಗಳಲ್ಲಿ ಸುತ್ತಿಗೆಯು ತೋಟಾದ ಬೆನ್ನಿಗೆ ತಾಗಿಕೊಂಡೇ ಇರುತ್ತಿತ್ತು. ಕೆಳಗೆ ಬಿದ್ದಾಗ ಸುತ್ತಿಗೆಗೆ ತಗುಲಿದ ಪೆಟ್ಟು ನೆಟ್ಟಗೆ ತೋಟಾಕ್ಕೆ ಮುಟ್ಟುತ್ತಿತ್ತು. 1873ರ ಪ್ರಸಿದ್ಧ ಕೋಲ್ಟ್ ರಿವಾಲ್ವರಿನಲ್ಲಿ ಆರು ಗೂಡುಗಳಿದ್ದರೂ, ವಿವೇಕಿಗಳು ಐದರಲ್ಲಿ ಮಾತ್ರ ತೋಟಾ ತುಂಬಿ, ಬರಿದಾದ ಗೂಡಿನ ಮೇಲೆ ಸುತ್ತಿಗೆಯನ್ನಿಳಿಸುತ್ತಿದ್ದರು. ಒಂದು ಗುಂಡು ಕಡಮೆಯಾದರೂ ಪ್ರಾಣಭಯ ತಪ್ಪುತ್ತಿತ್ತು.

1973ರಲ್ಲಿ ರೂಗರ್ ಕಂಪನಿಯು ಈ ಬಗೆಯ ತನ್ನ ರಿವಾಲ್ವರುಗಳಿಗೆ ಒಂದು ಉಕ್ಕಿನ ಪಟ್ಟಿಯನ್ನು ಅಳವಡಿಸಿತು. ಕುದುರೆಯನ್ನು ಎಳೆದಾಗ ಮಾತ್ರ ಅದು ಮೇಲೆದ್ದು ಪೆಟ್ಟನ್ನು ಮುಂದಕ್ಕೆ ಸಾಗಿಸುವುದು. ಉಳಿದ ವೇಳೆಯಲ್ಲಿ ಸುತ್ತಿಗೆಯ ಹೊಡೆತ ತೋಟಾವನ್ನು ಮುಟ್ಟಲಾರದು. ಆದರೂ ಹಳೆಯ ಮಾದರಿಗೆ ಹಳೆಯ ನಿಯಮವೇ ಲೇಸು.

ಯಂತ್ರವು ಬೀಳುವಿಕೆಯನ್ನು ತಡೆದುಕೊಂಡೀತು. ಮನುಷ್ಯನ ಆತುರವನ್ನು ತಡೆಯಲಾರದು. ಆದುದರಿಂದ ಒರೆಯು ಗಟ್ಟಿಯಾಗಿದ್ದು, ಆಯುಧವನ್ನು ಬಿಗಿಹಿಡಿದು, ಕುದುರೆಯನ್ನು ಪೂರ್ತಿಯಾಗಿ ಮುಚ್ಚಿರಬೇಕು. ಮರಳಿ ಒರೆಗೆ ಸೇರಿಸುವಾಗ ನಿಧಾನವಿರಲಿ. ಅಂಗಿಯ ಅಂಚು ಸಿಕ್ಕಿಕೊಂಡರೂ ಕುದುರೆ ಎಳೆಯಲ್ಪಡಬಹುದು. ಗುರಿಯಿಟ್ಟು ಹಾರಿಸಲು ನಿಶ್ಚಯಿಸುವವರೆಗೆ ಬೆರಳು ಕುದುರೆಯ ಹೊರಗೇ ಇರಬೇಕು. ಜಾರಿದ ಆಯುಧವನ್ನು ಗಾಳಿಯಲ್ಲಿ ಹಿಡಿಯಹೋಗಬಾರದು. ತಡಕಾಡುವ ಬೆರಳು ಕುದುರೆಯನ್ನೇ ಒತ್ತೀತು.

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ, ವಿನಾಯಿತಿ ಪಡೆದವರ ಹೊರತು ಉಳಿದವರಿಗೆ ಪಿಸ್ತೂಲು ಇರಿಸಿಕೊಳ್ಳಲು ಪರವಾನಗಿ ಬೇಕು. 2019ರ ತಿದ್ದುಪಡಿಯ ಮೇರೆಗೆ, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತಂದವನಿಗೆ ಎರಡು ವರ್ಷಗಳವರೆಗೆ ಸೆರೆಮನೆ ವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಪ್ರಾಪ್ತವಾಗುವುವು.

ಗೃಹಸ್ಥನು ಮನೆಗೆ ಬಂದೊಡನೆ ಮಾಡತಕ್ಕ ಮೊದಲ ಕೆಲಸವಾವುದು? ನಳಿಗೆಯನ್ನು ಯಾರಿಲ್ಲದ ಕಡೆಗೆ ತಿರುಗಿಸಿ, ತೋಟಾಗಳನ್ನು ತೆಗೆದು, ಗೂಡುಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿ, ಆಯುಧವನ್ನೂ ತೋಟಾಗಳನ್ನೂ ಬೇರೆಬೇರೆಯಾಗಿ ಬೀಗದಲ್ಲಿಡುವುದು. ದಿಂಬಿನ ಕೆಳಗಿಟ್ಟ ಪಿಸ್ತೂಲು ಕಳ್ಳನಿಗಿಂತ ಮೊದಲು ಮಗುವಿನ ಕೈಗೆ ಸಿಕ್ಕೀತು. ಯಾರ ರಕ್ಷಣೆಗೆಂದು ಅದನ್ನು ತಂದೆವೋ ಅವರಿಗೇ ಅದು ಮೃತ್ಯುವಾಗಬಾರದಷ್ಟೆ.