ಶಿಂಷೆಯ ಕಣಿವೆಯಲ್ಲಿ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂಬ ಹೆಸರು 2023ರ ಫೆಬ್ರುವರಿಯಲ್ಲಿ ಅಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಲೋಕಾರ್ಪಣಗೊಂಡಂದಿನಿಂದ ದೇಶಕ್ಕೆಲ್ಲ ಪರಿಚಿತವಾಯಿತಾದರೂ, ಅದೇ ತಾಲ್ಲೂಕನ್ನು ಹಾದುಹೋಗುವ ಶಿಂಷಾನದಿಯ ದರ್ಶನಾರ್ಥವಾಗಿ ಬರುವವರು ಇಂದಿಗೂ ವಿರಳರೇ. ತುಮಕೂರಿನ ಸಮೀಪದ ದೇವರಾಯನದುರ್ಗದ ಗಿರಿಸೀಮೆಯೇ ಈ ನದಿಯ ಉಗಮಸ್ಥಾನ; ಅಲ್ಲಿಯೇ ಜನಿಸಿದ ಜಯಮಂಗಲಿಯು ಉತ್ತರಾಭಿಮುಖಿಯಾಗಿ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಶಿಂಷೆಯು ದಕ್ಷಿಣಕ್ಕೆ ತಿರುಗಿ ಕಾವೇರಿಯಲ್ಲಿ ಲೀನವಾಗುತ್ತಾಳೆ. ದುರ್ಗದಲ್ಲಿ ಯೋಗ, ಭೋಗ ನರಸಿಂಹರ ಆಲಯಗಳೂ, ತಪ್ಪಲಿನ ಕಾನನದಲ್ಲಿ ಶಿಲೆಯೊಳಗಿಂದ ಒಸರುವ ನಾಮದ ಚಿಲುಮೆಯೂ ಇವೆ.

ಆದರೆ ಸಾವಕಾಶವಾಗಿ ನಿಂತು ನೋಡಬೇಕಾದುದು ತುಮಕೂರಿನ ಬಳಿಯ ಕೈದಾಳ ಗ್ರಾಮ. ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಬಾಚಿಯು ಇಲ್ಲಿ ಶಿವಾಲಯವನ್ನಲ್ಲದೆ ಜಿನಾಲಯವನ್ನೂ ಕಟ್ಟಿಸಿದನೆಂದು 12ನೆಯ ಶತಮಾನದ ಶಾಸನ ಸಾರುತ್ತದೆ. ಶಿಲ್ಪಿ ಜಕಣಾಚಾರಿಯು ಇಲ್ಲಿನ ಚೆನ್ನಕೇಶವನ ಮೂರ್ತಿಯನ್ನು ಕಡೆದು, ಕಳೆದುಕೊಂಡ ಕೈಯನ್ನು ಮರಳಿ ಪಡೆದನೆಂಬ ಐತಿಹ್ಯ ಜನಮನದಲ್ಲಿ ಬೇರೂರಿದೆ. ಚರಿತ್ರಕಾರರು ಅದನ್ನು ಒಪ್ಪಲಿ, ಬಿಡಲಿ, ಆ ಮೂರ್ತಿಯ ಮುಂದೆ ನಿಂತವನಿಗೆ ಕಥೆ ಹುಟ್ಟಿದ ಕಾರಣ ತಾನಾಗಿ ತಿಳಿಯುತ್ತದೆ.

ಗುಬ್ಬಿ ತಾಲ್ಲೂಕಿನ ಕಡಬದ ವಿಶಾಲವಾದ ಕೆರೆಯೂ ಈ ನದಿಯದೇ ಕೊಡುಗೆ; ರಾಷ್ಟ್ರಕೂಟ ಮೂರನೆಯ ಗೋವಿಂದನ ತಾಮ್ರಶಾಸನದಿಂದ ಆ ಊರಿನ ಹೆಸರು ವಿದ್ವಾಂಸರಿಗೆ ಚಿರಪರಿಚಿತ. ಮುಂದೆ ಕುಣಿಗಲ್ ತಾಲ್ಲೂಕಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಿತವಾದ ಮಾರ್ಕೋನಹಳ್ಳಿ ಜಲಾಶಯವಿದೆ. ನೀರು ನಿಯತ ಮಟ್ಟವನ್ನು ಮೀರಿದೊಡನೆ, ಮನುಷ್ಯನ ಕೈಸೋಕದೆಯೇ ಅದರ ಸೈಫನ್ ಕೊಳವೆಗಳು ಹೆಚ್ಚುವರಿ ಜಲವನ್ನು ಹೊರಚೆಲ್ಲತೊಡಗುತ್ತವೆ. ಈ ಕೌತುಕವನ್ನು ಕಾಣಬಯಸುವವರು ಬೇಸಗೆಯಲ್ಲಿ ಬರದೆ, ಒಳ್ಳೆಯ ಮಳೆಯಾಗಿ ಜಲಾಶಯ ತುಂಬಿದ ವರ್ಷದಲ್ಲಿ ಬರಬೇಕು.