ಜೀವ ಉಳಿಸುವ ಕೆಲಸ: ಸರಕಾರದ ಪಾಲು, ನಮ್ಮ ಪಾಲು

ಎಸ್.ಎಸ್.ಎಲ್.ಸಿ. ಫಲಿತಾಂಶ ಬರುವ ದಿನ ನಮ್ಮ ಊರಿನ ಮನೆಮನೆಗಳಲ್ಲಿಯೂ ಕಾತರ. ತೇರ್ಗಡೆಯಾದವರು ಮಿಠಾಯಿ ಹಿಡಿದುಕೊಂಡು ಶಾಲೆಗೆ ಬರುತ್ತಾರೆ, ಅಧ್ಯಾಪಕರಿಗೆ ನಮಸ್ಕರಿಸುತ್ತಾರೆ. ತೇರ್ಗಡೆಯಾಗದವರು ಅಂದು ಬರುವುದಿಲ್ಲ. ಬಂದವರ ಬೆನ್ನು ತಟ್ಟುವ ಸಂಭ್ರಮದಲ್ಲಿ, ಬಾರದವರು ಆ ಹೊತ್ತಿನಲ್ಲಿ ಎಲ್ಲಿ ಕುಳಿತಿರಬಹುದು ಎಂದು ಯೋಚಿಸಲು ನಾವು ಬಹುಕಾಲ ಕಲಿತಿರಲಿಲ್ಲ. ಈ ಲೇಖನ ಅಂಥವರನ್ನು ನೆನೆದು ಬರೆದದ್ದು.

ಆತ್ಮಹತ್ಯೆಯ ವಿಷಯವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಎತ್ತಬಹುದೇ ಎಂದು ಕೆಲವರು ಕೇಳಬಹುದು. ಆಡಿದರೆ ಮಕ್ಕಳ ತಲೆಗೆ ಇಲ್ಲದ ಯೋಚನೆ ಹೊಕ್ಕೀತು ಎಂಬ ಭಯ ಹಿರಿಯರಲ್ಲಿದೆ. ಆದರೆ ವೈದ್ಯರು ಹೇಳುವುದು ಬೇರೆ. ಸಂಕಟದಲ್ಲಿರುವವರನ್ನು ನೇರವಾಗಿ, ಪ್ರೀತಿಯಿಂದ ವಿಚಾರಿಸಿದರೆ ಅವರ ಮನಸ್ಸಿನ ಭಾರ ಇಳಿಯುತ್ತದೆ, ಅಪಾಯ ಹೆಚ್ಚುವುದಿಲ್ಲ. ಮುಚ್ಚಿಟ್ಟ ಮಾತೇ ಹೆಚ್ಚು ಕೆಡುಕು ಮಾಡುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆ ಮಂಡಳಿಯ ಲೆಕ್ಕದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಹೀಗೆ ಪ್ರಾಣ ಕಳೆದುಕೊಂಡರು. ಅವರಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವರು ದಿನಗೂಲಿ ನಂಬಿ ಬದುಕುತ್ತಿದ್ದವರು. 11,290 ಮಂದಿ ಕೃಷಿಕರು ಮತ್ತು ಕೃಷಿ ಕಾರ್ಮಿಕರು. 13,044 ಮಂದಿ ವಿದ್ಯಾರ್ಥಿಗಳು. ಈ ಅಂಕಿಗಳ ಹಿಂದೆ ಹೇಡಿತನವಾಗಲಿ ದುರ್ಬಲ ಮನಸ್ಸಾಗಲಿ ಇದೆಯೆಂದು ತಿಳಿಯುವುದು ತಪ್ಪು. ಯಾವುದೋ ಒಂದೇ ಕಾರಣಕ್ಕೆ ಹೀಗಾಗುವುದೂ ಇಲ್ಲ. ಸಾಲ, ಕಾಯಿಲೆ, ಕುಡಿತ, ಮನೆಯ ಕಲಹ, ಅವಮಾನ, ಒಂಟಿತನ ಇವು ಒಂದರ ಮೇಲೊಂದು ಬಂದು ಕೂಡುತ್ತವೆ. ಬಿಡಿಸಬಲ್ಲ ಗಂಟುಗಳೇ ಆದರೂ, ಬಿಡಿಸುವವರು ಯಾರೂ ಇಲ್ಲವೆಂದು ಆ ಕ್ಷಣಕ್ಕೆ ತೋರುತ್ತದೆ. ಸರಕಾರದ ಪ್ರಯತ್ನಗಳನ್ನು ನಾವು ಈ ಗಂಟುಗಳ ಲೆಕ್ಕದಲ್ಲಿಯೇ ನೋಡಬೇಕು.

ಮೊದಲನೆಯದು ಕಾನೂನು. 1860ರ ಭಾರತೀಯ ದಂಡಸಂಹಿತೆಯಲ್ಲಿ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಾಗಿತ್ತು. ಬದುಕಿ ಉಳಿದವನಿಗೆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿಯೇ ಪೋಲೀಸರ ಭಯ. ಅದಕ್ಕಾಗಿ ಮನೆಯವರು ವಿಷಯವನ್ನೇ ಅಡಗಿಸುತ್ತಿದ್ದರು, ಆತನಿಗೆ ಬೇಕಾದ ಚಿಕಿತ್ಸೆ ದೊರೆಯುತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ದೃಷ್ಟಿಯನ್ನೇ ಬದಲಿಸಿತು. ಹಾಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಕೂಡದು, ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರಕಾರದ ಕರ್ತವ್ಯ ಎಂದು ಅದು ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಉಳಿದಿಲ್ಲ.

ಎರಡನೆಯದು ಸಾಲದ ಗಂಟು. ಕರಿಮೆಣಸು, ಕಾಫಿಗಳ ಬೆಲೆ ಕುಸಿದು, ಬಳ್ಳಿಗೆ ರೋಗ ತಗಲಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ವಯನಾಡಿನ ಕೃಷಿಕರು ಪಟ್ಟ ಪಾಡು ನಮ್ಮ ಹಿರಿಯರಿಗೆ ನೆನಪಿದೆ. ವಿದರ್ಭದ ಹತ್ತಿ ಬೆಳೆಗಾರರದೂ ಅದೇ ಕತೆ. 2006ರಲ್ಲಿ ಕೇಂದ್ರ ಸರಕಾರ ಆಂಧ್ರ, ಮಹಾರಾಷ್ಟ್ರ, ಕರ್ನಾಟಕ, ಕೇರಳಗಳ 31 ಜಿಲ್ಲೆಗಳನ್ನು ಆರಿಸಿ ವಿಶೇಷ ಪರಿಹಾರ ಯೋಜನೆಯನ್ನು ಸಾರಿತು. ಕೇರಳದಿಂದ ಆರಿಸಿದ ಮೂರು ಜಿಲ್ಲೆಗಳಲ್ಲಿ ವಯನಾಡು, ಪಾಲಕ್ಕಾಡುಗಳ ಜೊತೆಗೆ ನಮ್ಮ ಕಾಸರಗೋಡೂ ಇತ್ತು. ಬಾಕಿ ಬಡ್ಡಿಯ ಮನ್ನಾ, ಸಾಲದ ಕಂತುಗಳ ಮರುಹೊಂದಿಕೆ, ನೀರಾವರಿಗೆ ನೆರವು ಇವು ಅದರ ಮುಖ್ಯ ಅಂಗಗಳು. 2008ರ ಮುಂಗಡ ಪತ್ರದಲ್ಲಿ ದೇಶವ್ಯಾಪಿ ಕೃಷಿ ಸಾಲಮನ್ನಾ ಬಂತು. ಆದರೆ ಒಂದು ಕೊರತೆಯನ್ನು ಗಮನಿಸಬೇಕು. ಆ ಮನ್ನಾ ದೊರೆತುದು ಬ್ಯಾಂಕು ಮತ್ತು ಸಹಕಾರಿ ಸಂಘಗಳ ಲೆಕ್ಕಪುಸ್ತಕದಲ್ಲಿ ಇದ್ದವರಿಗೆ. ಖಾಸಗಿಯವರಿಂದ ಕೈಸಾಲ ಪಡೆದವನ ಗಂಟು ಹಾಗೆಯೇ ಉಳಿಯಿತು. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕೂಟಗಳು ಸಣ್ಣ ಸಾಲವನ್ನು ಮನೆಬಾಗಿಲಿಗೆ ತಂದುದು ಈ ದೃಷ್ಟಿಯಿಂದ ಉಪಕಾರವೇ. ಬಡತನ ನೀಗುವುದಕ್ಕೆಂದು ಹುಟ್ಟಿದ ಕೂಟಗಳಾದರೂ, ವಾರಕ್ಕೊಮ್ಮೆ ಕೂಡುವ ಹೆಂಗಸರಿಗೆ ತಮ್ಮಲ್ಲಿ ಯಾರ ಮುಖ ಬಾಡಿದೆ ಎಂಬುದು ತಿಳಿಯುತ್ತದೆ.

ಮೂರನೆಯದು ಮನಸ್ಸಿನ ಕಾಯಿಲೆಗೆ ಊರಿನಲ್ಲಿಯೇ ಮದ್ದು. ಇದರ ದಾರಿ ತೋರಿದ್ದು ಕನ್ನಡ ನಾಡು ಎಂಬುದು ನಮಗೆ ಹೆಮ್ಮೆಯ ವಿಷಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ 1990ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗಳನ್ನು ಹಳ್ಳಿಯಲ್ಲಿಯೇ ಗುರುತಿಸಿ ಗುಣಪಡಿಸಬಹುದೆಂದು ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಗಿ ದೇಶದಲ್ಲೆಲ್ಲ ಹರಡಿತು. ಜ್ವರಕ್ಕೆ ಆಸ್ಪತ್ರೆಗೆ ಹೋಗುವಂತೆ ಮನಸ್ಸಿನ ಬಳಲಿಕೆಗೂ ಹೋಗಬಹುದು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಾಲ್ಕನೆಯದು ಅಪಾಯದ ವಸ್ತುಗಳನ್ನು ದೂರವಿಡುವುದು. ಪ್ರಾಣ ಕಳೆದುಕೊಳ್ಳಬೇಕೆಂಬ ತುಡಿತ ಅನೇಕರಲ್ಲಿ ಅಲ್ಪಕಾಲದ್ದು. ಆ ಗಳಿಗೆ ದಾಟಿದರೆ ಬದುಕುವ ಆಸೆ ಮರಳುತ್ತದೆ. ನೆರೆಯ ಶ್ರೀಲಂಕಾ ಸರಕಾರ 1980ರ ದಶಕದಿಂದ ಹಂತಹಂತವಾಗಿ ಅತಿ ವಿಷದ ಕೃಷಿ ಔಷಧಗಳನ್ನು ನಿಷೇಧಿಸಿತು. 1995ರ ಸುಮಾರಿಗೆ ಅತಿ ಎತ್ತರದಲ್ಲಿದ್ದ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಮುಂದಿನ ಎರಡು ದಶಕಗಳಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು. ಕೇರಳ ಸರಕಾರವೂ 2011ರಲ್ಲಿ ಇಂಥ ಹಲವು ಔಷಧಗಳನ್ನು ನಿಷೇಧಿಸಿತು. ರಕ್ಷಕರಲ್ಲಿ ನಮ್ಮದೊಂದು ವಿನಂತಿ: ತೋಟದ ಮದ್ದನ್ನು ಮನೆಯ ಜಗಲಿಯಲ್ಲಿ ಇಡಬೇಡಿ, ಬೀಗ ಹಾಕಿಡಿ.

ಐದನೆಯದು ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಪಟ್ಟದ್ದು. ಹಿಂದೆ ಒಂದು ವಿಷಯದಲ್ಲಿ ತಪ್ಪಿದರೂ ಒಂದು ವರ್ಷ ಹೋಯಿತೆಂದೇ ಲೆಕ್ಕ. ಜೊತೆಯವರೆಲ್ಲ ಮುಂದಿನ ತರಗತಿಗೆ, ತಾನು ಮಾತ್ರ ಮನೆಯಲ್ಲಿ. ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಮರುಪರೀಕ್ಷೆ ಬರೆಯಲು ತಮಿಳುನಾಡು ಸರಕಾರ ಅವಕಾಶ ಕೊಟ್ಟಿತು. ಕೇರಳದಲ್ಲಿಯೂ ‘ಸೇ’ ಪರೀಕ್ಷೆ ಬಂತು. ವರ್ಷವನ್ನು ಉಳಿಸು ಎಂಬುದೇ ಅದರ ಹೆಸರಿನ ಅರ್ಥ. ವರ್ಷದೊಂದಿಗೆ ಎಷ್ಟೋ ಮಕ್ಕಳ ಧೈರ್ಯವನ್ನೂ ಅದು ಉಳಿಸಿದೆ. ಸೋಲಿನ ದಿನಕ್ಕೂ ಮುಂದಿನ ಅವಕಾಶಕ್ಕೂ ನಡುವಣ ಅಂತರವನ್ನು ಕಿರಿದು ಮಾಡಿದ್ದೇ ಇದರ ಗುಟ್ಟು.

ಆರನೆಯದು ದೂರವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರಕಾರ ‘ಟೆಲಿ ಮಾನಸ್’ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ, ಖರ್ಚಿಲ್ಲದೆ ಕರೆ ಮಾಡಬಹುದು. ಕರೆ ಮಾಡಿದವರು ಭಾಷೆಯನ್ನು ಆರಿಸಿಕೊಳ್ಳಬಹುದು, ಕನ್ನಡವೂ ಅದರಲ್ಲಿದೆ. ಗಡಿನಾಡಿನ ನಮಗೆ ಇದು ಸಣ್ಣ ಸಂಗತಿಯಲ್ಲ. ಅರ್ಜಿಯನ್ನು ಬೇರೆ ಭಾಷೆಯಲ್ಲಿ ಹೇಗೋ ತುಂಬಿಸಿಬಿಡಬಹುದು, ಮನಸ್ಸಿನ ನೋವನ್ನು ಹಾಗೆ ತುಂಬಿಸಲಾಗದು. ಅಳು ಬರುವುದು ತಾಯ್ನುಡಿಯಲ್ಲಿ. ಆದುದರಿಂದ ನಮ್ಮ ಕನ್ನಡ ಶಾಲೆಗಳಿಗೆ ಬರುವ ಆಪ್ತ ಸಲಹೆಗಾರರು ಕನ್ನಡ ಬಲ್ಲವರಾಗಿರಬೇಕೆಂದು ಕೇಳುವುದು ಬರಿಯ ಭಾಷಾಭಿಮಾನವಲ್ಲ, ಮಕ್ಕಳ ಜೀವದ ಪ್ರಶ್ನೆ. ಕೇರಳದ ‘ದಿಶಾ’ ಸೇವೆಯ ಸಂಖ್ಯೆ 1056, ಮಕ್ಕಳ ಸಹಾಯವಾಣಿ 1098.

ಇವೆಲ್ಲವನ್ನೂ ಒಂದೆಡೆ ಕೂಡಿಸಿ 2022ರ ನವೆಂಬರಿನಲ್ಲಿ ರಾಷ್ಟ್ರೀಯ ಆತ್ಮಹತ್ಯಾ ತಡೆ ಕಾರ್ಯನೀತಿ ಪ್ರಕಟವಾಯಿತು. 2030ರೊಳಗೆ ಇಂಥ ಸಾವುಗಳನ್ನು ಶೇಕಡಾ 10ರಷ್ಟು ಇಳಿಸುವುದು, ಎಲ್ಲ ಜಿಲ್ಲೆಗಳಲ್ಲಿಯೂ ಮನೋರೋಗ ಚಿಕಿತ್ಸಾ ವಿಭಾಗ ತೆರೆಯುವುದು, ಮಾನಸಿಕ ಆರೋಗ್ಯವನ್ನು ಪಾಠಕ್ರಮದಲ್ಲಿ ಸೇರಿಸುವುದು ಅದರ ಗುರಿಗಳು.

ಆದರೆ ಸರಕಾರದ ಕೈ ಎಷ್ಟು ಉದ್ದವಾದರೂ ಮನೆಯ ಒಳಕೋಣೆಯವರೆಗೆ ಚಾಚಲಾರದು. ಅಲ್ಲಿ ಇರುವವರು ನಾವು. ಎಲ್ಲದಕ್ಕೂ ಎ ಪ್ಲಸ್ ಪಡೆದವರ ಚಿತ್ರ ಪೇಟೆಯ ಮೂಲೆಮೂಲೆಯ ಫ್ಲೆಕ್ಸಿನಲ್ಲಿ ಏರುವಾಗ, ಅದೇ ದಾರಿಯಲ್ಲಿ ನಡೆಯುವ ಉಳಿದ ಮಕ್ಕಳಿಗೆ ಏನನಿಸೀತು? ವೇದಿಕೆಯಲ್ಲಿ ಶಾಲು ಹೊದಿಸುವಾಗ ನಾವೂ ಅದನ್ನು ಮರೆತಿದ್ದೇವೆ. ಈ ತಪ್ಪಿನಲ್ಲಿ ಶಾಲೆಗೂ ಮನೆಗೂ ಸಮಪಾಲು. ಫಲಿತಾಂಶದ ದಿನ ರಕ್ಷಕರು ಮಗುವಿನ ಅಂಕ ಕೇಳುವ ಮೊದಲು “ಊಟ ಮಾಡಿದೆಯಾ ಮಗಾ?” ಎಂದು ಕೇಳಲಿ. ನೆರೆಮನೆಯ ಹುಡುಗನೊಡನೆ ಹೋಲಿಸುವುದನ್ನು ಬಿಡಲಿ. ತೇರ್ಗಡೆಯಾಗದವರ ಮನೆಗೆ ನಾವು ಅಧ್ಯಾಪಕರು ಅಂದೇ ಹೋಗೋಣ, ‘ಸೇ’ ಪರೀಕ್ಷೆಯ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗೋಣ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಪಾಲೂ ಇದೆ. ಜೊತೆಗಾರನೊಬ್ಬ ಆಟಕ್ಕೆ ಬಾರದೆ ಮೂಲೆ ಹಿಡಿದರೆ, ಸರಿಯಾಗಿ ಉಣ್ಣದೆ, ನಿದ್ದೆ ಮಾಡದೆ ಇದ್ದರೆ, “ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ” ಎಂಬಂಥ ಮಾತನಾಡಿದರೆ ನಗಬೇಡಿ, ಉಪದೇಶವನ್ನೂ ಮಾಡಬೇಡಿ. ಪಕ್ಕದಲ್ಲಿ ಕುಳಿತು ಕೇಳಿ. ಅವನನ್ನು ಒಂಟಿಯಾಗಿ ಬಿಡಬೇಡಿ. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿದರೂ ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ. ಈ ಒಂದು ವಿಷಯದಲ್ಲಿ ಗುಟ್ಟು ಮುರಿಯುವುದೇ ಗೆಳೆತನ. ನಿಮಗೇ ಹಾಗೆ ಅನಿಸಿದರೆ ಅಮ್ಮನಿಗೋ ಅಪ್ಪನಿಗೋ ಅಜ್ಜಿಗೋ ನಮ್ಮಲ್ಲಿ ಯಾರಿಗಾದರೂ ಹೇಳಿ, ಅಥವಾ 14416ಕ್ಕೆ ಕರೆ ಮಾಡಿ.

ನಮ್ಮ ಶಾಲೆಯ ಬಾಗಿಲು ತೇರ್ಗಡೆಯಾದವರಿಗಷ್ಟೇ ತೆರೆದಿರುವುದಲ್ಲ. ಮುಂದಿನ ಫಲಿತಾಂಶದ ದಿನ ನೀವೆಲ್ಲರೂ ಬನ್ನಿ. ಮಿಠಾಯಿ ಎಲ್ಲರಿಗೂ ಇರುತ್ತದೆ.